ಹುಸಿಗುಂಡಿನ ಮೇಷ್ಟ್ರು

ಬ್ಯಾಂಕುಗಳಿಗೂ ಹಣ ಸಾಗಿಸುವ ವ್ಯಾನುಗಳಿಗೂ ಕಾವಲುಗಾರರನ್ನು ತಯಾರು ಮಾಡಿ ಕಳಿಸುವ ಕಂಪನಿಯೊಂದರಲ್ಲಿ ಪಿಸ್ತೂಲು ಕಲಿಸುವವರು ಒಬ್ಬರಿದ್ದರು. ಎಲ್ಲರ ಬಾಯಲ್ಲೂ ಅವರು ಮೇಷ್ಟ್ರು. ಇಪ್ಪತ್ತಾರು ವರ್ಷ ಅದನ್ನೇ ಕಲಿಸಿದ್ದರು. ಗುಂಡು ಹೊಡೆಯುವ ಜಾಗವೆಂದರೆ ಉದ್ದನೆಯ ತಗಡಿನ ಶೆಡ್ಡು. ಆ ತುದಿಗೆ ಮರಳಿನ ದಿಬ್ಬ, ದಿಬ್ಬದ ಮುಂದೆ ಕಾಗದದ ಗುರಿ. ಈ ತುದಿಯ ಬಾಗಿಲ ಪಕ್ಕದಲ್ಲಿ ಎರಡು ಕೋಣೆಯ ಮನೆ. ಕೆಲಸ ಇರುವಷ್ಟು ದಿನ ಇರಿ ಎಂದು ಕಂಪನಿ ಕೊಟ್ಟದ್ದು. ಅಲ್ಲಿ ಮೇಷ್ಟ್ರ ಹೆಂಡತಿ ಕಿಟಕಿಯ ಬಳಿ ಹೊಲಿಗೆ ಯಂತ್ರ ಹಾಕಿಕೊಂಡು ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದರು. ಗೋಡೆಯಾಚೆ ಢಂ ಎಂದರೂ ಸೂಜಿ ಅತ್ತಿತ್ತ ಆಗುತ್ತಿರಲಿಲ್ಲ.

ಮೇಷ್ಟ್ರ ಹೆಸರು ನಾಲ್ಕೂರಿಗೆ ಗೊತ್ತಾದದ್ದು ಹುಸಿಗುಂಡಿನಿಂದ. ಹುಸಿಗುಂಡು ಎಂದರೆ ಮತ್ತೇನಲ್ಲ, ನಿಜವಾದ ಗುಂಡಿನಷ್ಟೇ ಉದ್ದ, ಅಷ್ಟೇ ತೂಕ; ಒಳಗೆ ಮದ್ದಿಲ್ಲ, ಹೊಟ್ಟೆಗೊಂದು ತೂತು, ಮೈಗೆ ಕೆಂಪು ಬಣ್ಣ. ಪಿಸ್ತೂಲಿನ ಮ್ಯಾಗಝೀನಿಗೆ ಎಂಟು ಗುಂಡು ಹಿಡಿಯುತ್ತವೆ. ಅದರಲ್ಲಿ ಐದು ನಿಜದ್ದು, ಮೂರು ಹುಸಿ ಸೇರಿಸಿ ತುಂಬಬೇಕು. ಯಾವುದು ಯಾವಾಗ ಬರುತ್ತದೆಂದು ಹೊಡೆಯುವವನಿಗೆ ತಿಳಿಯಬಾರದು. ಧೈರ್ಯವಂತ ಟ್ರಿಗರ್ ಒತ್ತಿದಾಗ ಹುಸಿಗುಂಡು ಬಂದರೆ ಟಕ್ ಎನ್ನುತ್ತದೆ, ಪಿಸ್ತೂಲು ಇದ್ದಲ್ಲೇ ಇರುತ್ತದೆ. ಅಂಜುವವನಾದರೆ ಸದ್ದಿಗೂ ಒದೆತಕ್ಕೂ ಮೊದಲೇ ಹೆದರಿ ಮಣಿಕಟ್ಟನ್ನು ಕೆಳಗೆ ಕುಕ್ಕುತ್ತಾನೆ. ಗುಂಡು ಹಾರಿದರೆ ಆ ಕುಕ್ಕುವುದು ಸದ್ದಿನಲ್ಲಿ ಮುಚ್ಚಿಹೋಗುತ್ತದೆ. ಹಾರದಿದ್ದರೆ ಊರಿಗೇ ಕಾಣುತ್ತದೆ. ಅದಕ್ಕೇ ಮೇಷ್ಟ್ರು ಒಂದು ಕಟ್ಟಳೆ ಮಾಡಿದ್ದರು: ಯಾರೂ ತಮ್ಮ ಮ್ಯಾಗಝೀನನ್ನು ತಾವೇ ತುಂಬುವಂತಿಲ್ಲ, ಪಕ್ಕದವರು ತುಂಬಿ ಕೊಡಬೇಕು.

ಈ ಕಟ್ಟಳೆಗೆ ಒಳಪಡದವರು ಒಬ್ಬರೇ. ಮೇಷ್ಟ್ರು.

ಏಕೆಂದರೆ ಮೇಷ್ಟ್ರ ಕೈಯೇ ಕುಕ್ಕುತ್ತಿತ್ತು. ಮೊದಲ ವರ್ಷದಿಂದಲೂ ಹಾಗೇ. ಅದನ್ನು ಅವರು ಹೆಂಡತಿಗೂ ಹೇಳಿರಲಿಲ್ಲ. ತೋರಿಸಿಕೊಡಬೇಕಾದಾಗ ಮೂಲೆಗೆ ತಿರುಗಿ ಎಂಟೂ ನಿಜದ ಗುಂಡು ತುಂಬಿಕೊಂಡು, ಗುರಿಗಿಂತ ನಾಲ್ಕು ಬೆರಳು ಮೇಲೆ ಹಿಡಿದು ಹೊಡೆಯುತ್ತಿದ್ದರು. ಕೈ ಕುಕ್ಕಿ ಗುಂಡು ನಟ್ಟನಡುವಿಗೆ ಇಳಿಯುತ್ತಿತ್ತು. ಲೆಕ್ಕಾಚಾರ ಅಷ್ಟು ಪಕ್ಕಾ ಆಗಿತ್ತು. ನೋಡಿದವರು ಮೂಗಿನ ಮೇಲೆ ಬೆರಳಿಡುತ್ತಿದ್ದರು.

ಮೇಷ್ಟ್ರಿಗೆ ಐವತ್ತೆಂಟು ತುಂಬುವ ವರ್ಷ. ತುಂಬಿದರೆ ಕೆಲಸ ಬಿಡಬೇಕು, ತಿಂಗಳೊಳಗೆ ಮನೆಯನ್ನೂ ಬಿಡಬೇಕು. ದೊಡ್ಡ ಸಾಹೇಬರು ಬಂದು ನೋಡಿ ಒಪ್ಪಿದರೆ ಮಾತ್ರ ಒಂದು ವರ್ಷ ಮುಂದುವರಿಕೆ. ಸಾಹೇಬರು ಹಿಂದೆ ಸೋಪಿನ ಕಂಪನಿ ನಡೆಸಿದವರು. ಪಿಸ್ತೂಲನ್ನು ಸಿನಿಮಾದಲ್ಲಿ ಕಂಡಿದ್ದಷ್ಟೇ.

ನೋಡಲು ಬಂದ ದಿನ ಸಾಹೇಬರು ಕುರ್ಚಿಯಲ್ಲಿ ಕೂತು, "ಎಲ್ಲಿ, ನೀವೇ ಒಂದು ಸಲ ಹೊಡೆದು ತೋರಿಸಿ ನೋಡೋಣ" ಎಂದರು.

ಮೇಷ್ಟ್ರು ಗುಂಡಿನ ಡಬ್ಬಿಯತ್ತ ಮೂಲೆಗೆ ಹೊರಟರು. ಅಷ್ಟರಲ್ಲಿ ಸಾಲಿನಲ್ಲಿದ್ದ ಹೆಂಗಸೊಬ್ಬಳು ತುಂಬಿದ ಮ್ಯಾಗಝೀನು ಹಿಡಿದು ಮುಂದೆ ಬಂದಳು. ಅವಳು ಹಿಂದೆ ಬಸ್ಸಿನಲ್ಲಿ ಟಿಕೆಟ್ ಹರಿದವಳು. ಎಲ್ಲರೂ ಕಂಡಕ್ಟರಮ್ಮ ಎನ್ನುತ್ತಿದ್ದರು. ಬೆರಳು ಅಷ್ಟು ಚುರುಕು.

"ತಗೊಳ್ಳಿ ಮೇಷ್ಟ್ರೇ. ಪಕ್ಕದವರೇ ತುಂಬಿ ಕೊಡಬೇಕು ಅಂತ ನೀವೇ ಹೇಳಿದ್ದಲ್ವಾ."

"ನನಗ್ಯಾಕಮ್ಮ ಅದೆಲ್ಲ. ಇಡು ಅತ್ಲಾಗೆ."

"ಯಾಕೆ, ಮೇಷ್ಟ್ರಿಗೆ ಬೇರೆ ರೂಲ್ಸಾ?" ಎಂದರು ಸಾಹೇಬರು ನಗುತ್ತಾ. ಅಲ್ಲಿಗೆ ಮುಗಿಯಿತು.

ಮೊದಲೆರಡು ಢಂ ಢಂ ಎಂದು ನಡುವಿಗೇ ಹೋದವು. ಮೂರನೆಯದು ಟಕ್ ಎಂದಿತು. ಪಿಸ್ತೂಲಿನ ಮೂತಿ ಬಾವಿಗೆ ಬಿಟ್ಟ ಬಿಂದಿಗೆಯ ಹಾಗೆ ಕೆಳಗೆ ಮುಳುಗಿತು. ಶೆಡ್ಡಿನಲ್ಲಿ ಹನ್ನೊಂದು ಜನ ಉಸಿರು ಬಿಗಿಹಿಡಿದರು. ಇನ್ನು ಗಂಟುಮೂಟೆ ಕಟ್ಟುವುದೇ ಎಂದುಕೊಂಡರು ಮೇಷ್ಟ್ರು.

ಸಾಹೇಬರು ಎದ್ದು ಚಪ್ಪಾಳೆ ತಟ್ಟಿದರು.

"ಭಲೇ. ತಪ್ಪು ಹೇಗಾಗುತ್ತೆ ಅಂತ ಎಷ್ಟು ಚೆನ್ನಾಗಿ ಮಾಡಿ ತೋರಿಸಿದಿರಿ. ನಿಜವಾಗ್ಲೂ ಹೆದರಿದೋರ ಥರಾನೇ ಇತ್ತು ನೋಡಿ. ಇದು ಎಲ್ಲರಿಗೂ ಬರಲ್ಲ."

"ಅನುಭವ, ಸರ್" ಎಂದರು ಮೇಷ್ಟ್ರು.

ವಾರದೊಳಗೆ ಆದೇಶ ಬಂತು. ತಪ್ಪನ್ನು ಸ್ವಾಭಾವಿಕವಾಗಿ ಮಾಡಿ ತೋರಿಸುವ ವಿಶೇಷ ಸಾಮರ್ಥ್ಯವನ್ನು ಮೆಚ್ಚಿ ಒಂದು ವರ್ಷ ಮುಂದುವರಿಸಲಾಗಿದೆ, ಪ್ರತಿ ತಂಡಕ್ಕೂ ಇದನ್ನು ತಪ್ಪದೆ ಮಾಡಿ ತೋರಿಸತಕ್ಕದ್ದು ಎಂದು ಅದರಲ್ಲಿತ್ತು. ಹೆಂಡತಿ ಅದನ್ನು ಎರಡು ಸಲ ಓದಿಸಿ ಕೇಳಿ, "ರೀ, ಇದು ಹೊಗಳಿದ್ದೋ ಬೈದದ್ದೋ?" ಎಂದರು.

"ಮನೆ ಉಳೀತಲ್ಲ, ಸುಮ್ನಿರು."

ಸಾಹೇಬರಿಗೆ ಕಾಣದ್ದು ಕಂಡಕ್ಟರಮ್ಮನಿಗೆ ಕಂಡಿತ್ತು. ಎರಡು ದಿನ ಬಿಟ್ಟು ಮೇಷ್ಟ್ರು ಒಬ್ಬರೇ ಪಿಸ್ತೂಲು ಒರೆಸುತ್ತಾ ಕೂತಿದ್ದಾಗ ಬಂದು ನಿಂತಳು.

"ಅವತ್ತು ನೀವು ನಾಟಕ ಮಾಡಿದ್ದಲ್ಲ, ಅಲ್ವಾ?"

ಮೇಷ್ಟ್ರು ಒರೆಸಿದ್ದ ಮೂತಿಯನ್ನೇ ಮತ್ತೆ ಒರೆಸಿದರು.

"ನಾನು ಯಾರಿಗೂ ಹೇಳಲ್ಲ. ಬಸ್ಸಲ್ಲಿ ಇಪ್ಪತ್ತು ವರ್ಷ ಕಳ್ಳ ಮುಖ ನೋಡಿ ನೋಡಿ ಗೊತ್ತಾಗಿಬಿಡುತ್ತೆ ಅಷ್ಟೇ. ನಮಗೆಲ್ಲ ಬೆವರಿಳಿಸಿದ್ರಲ್ಲ ಮೇಷ್ಟ್ರೇ, ಕೈ ಕುಕ್ಕಬೇಡ ಕೈ ಕುಕ್ಕಬೇಡ ಅಂತ. ಬನ್ನಿ, ನಾನು ತುಂಬಿ ಕೊಡ್ತೀನಿ. ದಿನಾ ಒಂದು ಗಂಟೆ."

"ಈ ವಯಸ್ಸಿಗೆ ಏನು ಕಲಿಯೋದಮ್ಮ."

"ನಿಮಗಿಂತ ದೊಡ್ಡೋರು ಓಡೋ ಬಸ್ಸು ಹತ್ತೋದು ನೋಡಿದೀನಿ."

ಅವಳ ತಂಡ ಮುಗಿದ ಮೇಲೂ ಕಂಪನಿ ಅವಳನ್ನು ಮೇಷ್ಟ್ರಿಗೆ ಸಹಾಯಕಿಯಾಗಿ ಇಟ್ಟುಕೊಂಡಿತು. ಬೆಳಗ್ಗೆ ಎಲ್ಲರೂ ಬರುವ ಮೊದಲು ಅವಳು ತುಂಬಿ ಕೊಡುವಳು, ಮೇಷ್ಟ್ರು ಹೊಡೆಯುವರು. ಒಮ್ಮೊಮ್ಮೆ ಎಂಟರಲ್ಲಿ ಏಳು ಹುಸಿ ಇರುತ್ತಿದ್ದವು. ಒಮ್ಮೊಮ್ಮೆ ಒಂದೂ ಇರುತ್ತಿರಲಿಲ್ಲ. ಟಕ್ ಎಂದಾಗ ಮೂತಿ ಮುಳುಗಿದರೆ ಅವಳು ಬಾಯಿಂದ ಬಸ್ಸಿನ ಸೀಟಿ ಊದುವಳು. ಮೇಷ್ಟ್ರು ಕೆಂಪು ಗುಂಡನ್ನು ಹೊರಗೆಳೆದು ಮತ್ತೆ ಗುರಿ ಹಿಡಿಯುವರು. ಮನೆಯಲ್ಲೂ ಬಿಡಲಿಲ್ಲ. ಒಂದೂ ನಿಜದ ಗುಂಡು ಹೊಸಿಲು ದಾಟದಂತೆ ನೋಡಿಕೊಂಡು, ಬರೀ ಹುಸಿಗುಂಡು ತುಂಬಿ, ಪಿಸ್ತೂಲಿನ ಮೂತಿಯ ಮೇಲೆ ಒಂದು ನಾಣ್ಯ ಇಟ್ಟು, ಅದು ಬೀಳದ ಹಾಗೆ ಟ್ರಿಗರ್ ಒತ್ತುವರು. ನಾಣ್ಯ ಬಿದ್ದಾಗಲೆಲ್ಲ ಹೆಂಡತಿ ಬಗ್ಗಿ ಎತ್ತಿಕೊಡುವರು. ಆರನೆಯ ತಿಂಗಳಿಗೆ ಅವರಿಗೆ ಬಗ್ಗುವ ಕೆಲಸ ಇರಲಿಲ್ಲ.

ಏಳನೆಯ ತಿಂಗಳಿಗೆ ಮೇಷ್ಟ್ರು ಗುರಿಯ ನಡುವಿಗೇ ಹಿಡಿದು ನಡುವಿಗೇ ಹೊಡೆದರು. ಹೊಡೆದು, ಪಿಸ್ತೂಲು ಕೆಳಗಿಟ್ಟು, ಗೋಡೆ ಕಡೆ ತಿರುಗಿ ಮೂಗು ಒರೆಸಿಕೊಂಡರು. ಕಂಡಕ್ಟರಮ್ಮ ಗುಂಡಿನ ಚಿಪ್ಪು ಗುಡಿಸುವ ನೆವದಲ್ಲಿ ಆಚೆ ಹೋದಳು.

ತೊಂದರೆ ಶುರುವಾದದ್ದು ಆಮೇಲೆ. ಹೊಸ ತಂಡಕ್ಕೆ ಆದೇಶದಂತೆ ತಪ್ಪು ಮಾಡಿ ತೋರಿಸಬೇಕು. ಟಕ್ ಎಂದಿತು, ಪಿಸ್ತೂಲು ಬಂಡೆಯ ಹಾಗೆ ನಿಂತಿತು. ನೆನಪಾಗಿ, ಸ್ವಲ್ಪ ಹೊತ್ತು ಬಿಟ್ಟು ಮೂತಿಯನ್ನು ಕೆಳಗೆ ಇಳಿಸಿದರು. ಹುಡುಗರು ಮುಖ ಮುಖ ನೋಡಿಕೊಂಡರು.

"ಮೇಷ್ಟ್ರೇ, ಅದು ಹೆದರಿದ್ದಲ್ಲ, ಯಾರಿಗೋ ನಮಸ್ಕಾರ ಮಾಡಿದ ಹಾಗಿತ್ತು" ಎಂದಳು ಕಂಡಕ್ಟರಮ್ಮ.

ಅಂದಿನಿಂದ ಮೇಷ್ಟ್ರು ಹೆದರುವುದನ್ನು ಅಭ್ಯಾಸ ಮಾಡತೊಡಗಿದರು. ಅಭ್ಯಾಸ ಮಾಡಿದಷ್ಟೂ ಅದು ಕೃತಕವಾಗುತ್ತಾ ಹೋಯಿತು. ಹೆಂಡತಿಯನ್ನು ಕರೆದು, "ನಾನು ಒತ್ತೋವಾಗ ಹಿಂದಿನಿಂದ ತಟ್ಟೆ ಬೀಳಿಸು" ಎಂದರು. ಅವರು ತಟ್ಟೆ ಬೀಳಿಸಿದರು, ಚೊಂಬು ಬೀಳಿಸಿದರು, ಕೊನೆಗೆ ಇಸ್ತ್ರಿಪೆಟ್ಟಿಗೆಯನ್ನೇ ಬೀಳಿಸಿದರು. ಮೂತಿಯ ಮೇಲಿನ ನಾಣ್ಯ ಅಲುಗಲಿಲ್ಲ.

"ಇನ್ನು ಮನೆಯಲ್ಲಿ ಬೀಳಿಸೋಕೆ ಏನೂ ಉಳಿದಿಲ್ಲ ರೀ. ಹೋಗಿ, ಕೈಗೆ ಏನಾಗಿದೆ ಅಂತ ಡಾಕ್ಟರಿಗೆ ತೋರಿಸಿ."

"ಏನಂತ ಹೇಳ್ಲೇ? ನಡುಗ್ತಾ ಇಲ್ಲ ಅಂತಲಾ?"

ವರ್ಷ ತುಂಬಿತು. ಸಾಹೇಬರು ಈ ಸಲ ಇನ್ನಿಬ್ಬರು ಅಧಿಕಾರಿಗಳನ್ನೂ ಕರೆತಂದಿದ್ದರು. "ಈಗ ನೋಡಿ ಇವರ ಕಲೆ" ಎಂದು ಮೊದಲೇ ಹೇಳಿ ಕೂರಿಸಿದ್ದರು. ಕಂಡಕ್ಟರಮ್ಮ ಮ್ಯಾಗಝೀನು ಕೊಡುತ್ತಾ, "ನಾಲ್ಕನೇದು ಹುಸಿ, ಮನಸ್ಸಲ್ಲಿಟ್ಕೊಳ್ಳಿ" ಎಂದು ಪಿಸುಗುಟ್ಟಿದಳು. ಅವಳು ಕಟ್ಟಳೆ ಮುರಿದದ್ದು ಅದೇ ಮೊದಲು.

ಮೂರು ಗುಂಡು ಒಂದೇ ತೂತಿನಲ್ಲಿ ಹೋದವು. ನಾಲ್ಕನೆಯದು ಟಕ್ ಎಂದಿತು. ಈಗ ಕುಕ್ಕಬೇಕು ಎಂದು ಮೇಷ್ಟ್ರಿಗೆ ಗೊತ್ತಿತ್ತು. ಮಣಿಕಟ್ಟು ಕೇಳಲಿಲ್ಲ. ಇಷ್ಟು ವರ್ಷಕ್ಕೆ ಸಿಕ್ಕ ಕೈಯನ್ನು ಮತ್ತೆ ಕೆಡಿಸಲು ಒಳಗೆಲ್ಲೋ ಮನಸ್ಸೂ ಬರಲಿಲ್ಲ. ಪಿಸ್ತೂಲು ಗುರಿಯನ್ನು ನೋಡುತ್ತಾ ಹಾಗೇ ನಿಂತಿತು.

ಸಾಹೇಬರ ಮುಖ ಇಳಿಯಿತು. "ಮೊದಲಿನ ಹಾಗೆ ಇಲ್ಲ ಪಾಪ. ವಯಸ್ಸಾಯ್ತು" ಎಂದರು ಪಕ್ಕದವರಿಗೆ.

ಆಮೇಲೆ ಹೊಸಬರನ್ನು ಒಬ್ಬೊಬ್ಬರಾಗಿ ನೋಡಿದರು. ದಪ್ಪ ಮೀಸೆಯವನೊಬ್ಬ, ಸೇರಿ ಹತ್ತು ದಿನವಾಗಿದ್ದವನು, ಟಕ್ ಎಂದ ಕೂಡಲೇ ಕಣ್ಣು ಮುಚ್ಚಿ ಹೆಗಲು ಕುಗ್ಗಿಸಿ ಮೂತಿಯನ್ನು ಮೊಣಕಾಲಿಗೆ ಇಳಿಸಿದ. ಮೂವರು ಅಧಿಕಾರಿಗಳೂ ಒಟ್ಟಿಗೆ ತಲೆದೂಗಿದರು.

ಮೇಷ್ಟ್ರ ಜಾಗಕ್ಕೆ ಮೀಸೆಯವನು ನೇಮಕವಾದ. ಒಂದು ತಿಂಗಳು ಅವನನ್ನು ಪಳಗಿಸಿ ಹೋಗಬೇಕೆಂದು ಮೇಷ್ಟ್ರಿಗೆ ಅಪ್ಪಣೆಯಾಯಿತು. ಮಾರನೆಯ ದಿನವೇ ಮೇಷ್ಟ್ರು ಡಬ್ಬಿ ತೆಗೆದು ನಾಲ್ಕು ನಿಜ, ನಾಲ್ಕು ಹುಸಿ ಎಣಿಸಿಕೊಂಡರು. ಮೀಸೆಯವನು ಹತ್ತಿರ ಬಂದು ಅವರ ಕೈ ಹಿಡಿದ.

"ಮೇಷ್ಟ್ರೇ, ನಿಮ್ಮ ಕಾಲಿಗೆ ಬೀಳ್ತೀನಿ, ನನ್ನ ಕೈ ಸರಿ ಮಾಡಬೇಡಿ. ನನ್ನ ಹೆಂಡತಿ ನಿಮ್ಮನೆ ಕಿಟಕಿಗೆ ಪರದೆ ಅಳತೆ ತಗೊಂಡು ಹೋಗಿದಾಳೆ."

"ಈ ಕೈ ಇಟ್ಕೊಂಡು ನಾಳೆ ವ್ಯಾನಿನ ಮುಂದೆ ಯಾರಾದ್ರೂ ಅಡ್ಡ ಬಂದ್ರೆ ಏನು ಮಾಡ್ತೀಯಪ್ಪ?"

"ನಾನ್ಯಾಕೆ ವ್ಯಾನಿಗೆ ಹೋಗ್ಲಿ ಮೇಷ್ಟ್ರೇ? ನನ್ನದು ಕಲಿಸೋ ಕೆಲಸ ಅಷ್ಟೇ ಅಲ್ವಾ?"

ಆ ಮಾತಿಗೆ ಎದುರು ಹೇಳುವ ಹಕ್ಕು ತಮಗಿದೆಯೇ ಎಂದು ಮೇಷ್ಟ್ರು ಯೋಚಿಸಿದರು. ಇದೆ, ಆದರೆ ಐದು ತಿಂಗಳಿನಿಂದ ಮಾತ್ರ ಎಂದು ತೋರಿತು. ಕಂಡಕ್ಟರಮ್ಮನನ್ನು ಕೂಗಿ, ಇವನಿಗೆ ದಿನಾ ಬೆಳಗ್ಗೆ ನೀನೇ ತುಂಬಿ ಕೊಡಮ್ಮ ಎಂದು ಹೇಳಿ, ಸಾಮಾನು ಕಟ್ಟಲು ಮನೆಗೆ ನಡೆದರು.