ಕರಿ ಬಟ್ಟೆಯ ಮೇಲಿನ ಪತಂಗ

"ಇವತ್ತು ಒಂದು ಮಲ್ಮಲ್ಲು, ಎರಡು ಕಂಬಳಿ. ಬೇಗ ಬನ್ರೀ, ಟೋಪಿಯವನು ಬಂದ್ರೆ ಒಂದನ್ನೂ ಉಳಿಸಲ್ಲ," ದರ್ಜಿಯ ಹೆಂಡತಿ ಅಂಗಡಿಯ ಹಿಂಬಾಗಿಲಲ್ಲಿ ನಿಂತು ಕರೆದಳು.

ಚಳಿ ಇಳಿದು ಹಿಂದಿನ ಮರ ಚಿಗುರಲು ಶುರುವಾಯಿತೆಂದರೆ, ದೀಪದ ಕೆಳಗಿನ ಗೋಡೆಗೆ ಪತಂಗಗಳು ಬಂದು ಕೂರುತ್ತಿದ್ದವು. ಬೆಳಗಾದರೂ ಅಲ್ಲೇ, ಅಂಟಿಸಿಟ್ಟ ಹಾಗೆ. ಅವುಗಳ ನಿಜವಾದ ಹೆಸರು ಗಂಡನಿಗೂ ಗೊತ್ತಿಲ್ಲ, ಹೆಂಡತಿಗೂ ಗೊತ್ತಿಲ್ಲ. ಮದುವೆಯಾದ ಹೊಸತರಲ್ಲಿ ಅವಕ್ಕೆ ಬಟ್ಟೆಯ ಹೆಸರಿಡುವ ಚಾಳಿ ಹಚ್ಚಿದವನು ಅವನೇ: ತೆಳ್ಳಗೆ ಬೆಳ್ಳಗಿದ್ದರೆ ಮಲ್ಮಲ್ಲು, ಮೈತುಂಬ ರೋಮವಿದ್ದರೆ ಕಂಬಳಿ, ರೆಕ್ಕೆಯಲ್ಲಿ ಗೆರೆಗಳಿದ್ದರೆ ಪಾಯಿಜಾಮ. ಅವನ್ನು ಹೆಕ್ಕಲು ಬರುವ ಜುಟ್ಟಿನ ಪಿಕಳಾರ ಹಕ್ಕಿಗೆ ಟೋಪಿಯವನು ಎಂದು ಹೆಸರಿಟ್ಟವನೂ ಅವನೇ. ಅಳತೆ ಕೊಡದೆ ಬಟ್ಟೆ ಒಯ್ಯುವ ಗಿರಾಕಿ ಎಂದು ನಗುತ್ತಿದ್ದ.

ಅವನು ಬಂದು ಗೋಡೆಗೆ ಮುಖ ಮಾಡಿ ನಿಂತ. "ಆ ಪಾಯಿಜಾಮ ಚೆನ್ನಾಗಿದೆ," ಎಂದ.

ಗೋಡೆಯ ಮೇಲೆ ಪಾಯಿಜಾಮ ಇರಲಿಲ್ಲ. ಆಕೆ ಗೋಡೆಯನ್ನು ನೋಡಿದಳು, ಅವನನ್ನು ನೋಡಿದಳು. "ಹ್ಞೂಂ," ಎಂದಳು.

ಚಳಿಗಾಲ ಪೂರ್ತಿ ಹೀಗೇ ಆಗಿತ್ತು. ಸೂಜಿಗಳಿಗೆ ದಾರ ಪೋಣಿಸಿ ಇಡುತ್ತಿದ್ದಳು. ಯಾರು ಪೋಣಿಸಿದರೆಂದು ಅವನು ಕೇಳುತ್ತಿರಲಿಲ್ಲ. ಡಾಕ್ಟರ ಮಾತೆತ್ತಿದರೆ, "ಹೊಲಿಯೋದು ಕೈ ಕಣೇ, ಕಣ್ಣಲ್ಲ," ಎಂದು ಬಾಯಿ ಮುಚ್ಚಿಸುತ್ತಿದ್ದ. ಆದರೆ ಇವತ್ತು ವಕೀಲರ ಕೋಟು. ಅವರಪ್ಪ ಆಸೆಪಟ್ಟು ಕೊಂಡು, ಹೊಲಿಸದೆಯೇ ತೀರಿಹೋದ ಕರಿ ಉಣ್ಣೆ ಬಟ್ಟೆ. ಕತ್ತರಿ ಒಂದು ಬೆರಳು ಒಳಗೆ ಸರಿದರೂ ಬಟ್ಟೆ ಹಾಳು, ಅಂಥದ್ದು ಇನ್ನೆಲ್ಲೂ ಸಿಗುವಂತಿಲ್ಲ.

"ನಾಳೆ ಮಾಡಿದ್ರೆ ಆಗಲ್ವಾ?"

"ತಡ ಮಾಡೋಕೆ ಎಷ್ಟು ಅವಸರ ನಿಂಗೆ," ಎಂದ ಅವನು.

ಬೆಳಕಿಗೆಂದು ಮೇಜನ್ನು ಹಿಂಬಾಗಿಲಿಗೆ ಎಳೆದು ಬಟ್ಟೆ ಹಾಸಿದ. ಅಳತೆಪಟ್ಟಿ ಹಿಡಿದು ಆಕೆ ಅಂಕಿ ಓದಿದಳು, ಅವನು ಸೀಮೆಸುಣ್ಣದಲ್ಲಿ ಗೆರೆ ಎಳೆದ. ಗೆರೆ ನೆಟ್ಟಗೇ ಬಂತು. ಆಕೆಯ ಜೀವ ಕೊಂಚ ತಣ್ಣಗಾಯಿತು. ಅವನು ಕತ್ತರಿಗಾಗಿ ಅತ್ತ ತಿರುಗಿದಾಗ ಟೋಪಿಯವನು ಗೋಡೆಗೆ ಎರಗಿದ. ಮಲ್ಮಲ್ಲು ತಪ್ಪಿಸಿಕೊಂಡು ಒಳಗೆ ಹಾರಿಬಂದು, ಕರಿ ಬಟ್ಟೆಯ ನಡುವೆ, ಗೆರೆಗಿಂತ ಸಾಕಷ್ಟು ಒಳಗೆ, ರೆಕ್ಕೆ ಹರಡಿ ಕೂತಿತು.

ದರ್ಜಿ ಬಗ್ಗಿದ. ಬೆಳ್ಳಗೆ ಕಂಡದ್ದರ ಪಕ್ಕಕ್ಕೆ ಬಟ್ಟೆ ಮಡಿಚಿ ಹಿಡಿದು ಕತ್ತರಿಯ ಬಾಯಿ ತೆರೆದ.

"ರೀ, ತಾಳಿ."

ಅಷ್ಟರಲ್ಲಿ ಅದು ಎದ್ದು ಹೊರಗೆ ಹಾರಿತು. ಬಾಗಿಲಾಚೆ ಹಕ್ಕಿಯ ರೆಕ್ಕೆ ಒಮ್ಮೆ ಪಟಪಟ ಬಡಿಯಿತು.

ಅವನು ತೆರೆದ ಕತ್ತರಿಯನ್ನು ಹಾಗೇ ಹಿಡಿದಿದ್ದ. "ನಾನು ಹಾಕಿದ ಗುರುತು ಎಲ್ಲೋಯ್ತೇ?"

ಕೈ ತಾಗಿ ಅಳಿಸಿತು ಅನ್ನಬಹುದಿತ್ತು. ಆಕೆಗೆ ಆ ಮಾತು ನಾಲಗೆ ತುದಿವರೆಗೂ ಬಂತು.

"ಅದು ಗುರುತಲ್ಲ ರೀ. ಮಲ್ಮಲ್ಲು."

ಅವನು ಬಟ್ಟೆಯ ಮೇಲೆ ಬೆರಳಾಡಿಸಿದ. "ಬೆಳಗ್ಗೆ ಪಾಯಿಜಾಮ ಇತ್ತಾ?"

"ಇರ್ಲಿಲ್ಲ."

"ಮತ್ತೆ ಹ್ಞೂಂ ಅಂದೆ."

"ಅಂದೆ."

ಬೀದಿಯಲ್ಲಿ ಯಾರದೋ ಸೈಕಲ್ಲು ಹಾದುಹೋಯಿತು. ಅವನು ಕತ್ತರಿಯನ್ನು ಮುಚ್ಚಿ, ಹಿಡಿಯನ್ನು ಆಕೆಯ ಕಡೆ ತಿರುಗಿಸಿದ. ಗುಂಡಿ, ಕಾಜ, ಅಂಚು ಆಕೆಯ ಕೆಲಸ. ಬಟ್ಟೆ ಕತ್ತರಿಸುವುದು ಎಂದೂ ಆಕೆಯದಾಗಿರಲಿಲ್ಲ.

"ನಂಗೆ ಬರಲ್ಲ."

"ಇಷ್ಟು ವರ್ಷ ನಾನು ಕತ್ತರಿಸಿದ್ದರಲ್ಲೆಲ್ಲ ತಪ್ಪು ಹುಡುಕೋಕೆ ಬಂತಲ್ಲ, ಇದೂ ಬರುತ್ತೆ."

ಆಕೆ ಕೈ ಒರೆಸಿಕೊಂಡು ಹಿಡಿಯೊಳಗೆ ಬೆರಳು ತೂರಿಸಿದಳು. ಮೊದಲ ಕಡಿತಕ್ಕೇ ಅವನು ಕಿವಿಗೊಟ್ಟ. "ಕತ್ತರಿ ಬಟ್ಟೆನ ಅಗೀತಿದೆ. ಮೊಣಕೈ ಎತ್ತು... ಹಾಂ, ಈಗ ಸರಿ."

ಅವನು ಕತ್ತರಿಯ ಮುಂದೆ ಎರಡೂ ಅಂಗೈ ಊರಿ ಬಟ್ಟೆಯನ್ನು ಬಿಗಿಯಾಗಿ ಹಿಡಿದಿದ್ದ. ಕರಕರ ಸದ್ದು ಹತ್ತಿರ ಬಂದಂತೆಲ್ಲ ಬೆರಳುಗಳನ್ನು ಒಂದಿಷ್ಟೇ ಹಿಂದಕ್ಕೆ ಸರಿಸುತ್ತಿದ್ದ.