ಪ್ಲಾಸಿದ್ ಮಾವನ ಕಡಲಹುಲ್ಲು

ಸಂತರ ಹಬ್ಬ ಕಳೆದು ಎಂಟು ದಿನವಾಗಿತ್ತು. ನಮ್ಮ ಮನೆಯ ಬುಡ ಇನ್ನೂ ಬತ್ತಲೆ. ನೋವಾ ಸ್ಕೋಷಿಯಾದ ಈ ಕೊಲ್ಲಿಯಲ್ಲಿ ಅದು ನಾಚಿಕೆಯ ವಿಷಯವಷ್ಟೇ ಅಲ್ಲ, ನೆಗಡಿಯ ವಿಷಯ. ಗೋಡೆಯ ಸುತ್ತ ಕಿಟಕಿಯ ಮಟ್ಟಕ್ಕೆ ಕಡಲಹುಲ್ಲು ಒಟ್ಟದಿದ್ದರೆ ಚಳಿಗಾಳಿ ನೆಲಹಲಗೆಯ ಸಂದಿನಿಂದೆದ್ದು ನೇರ ತೊಟ್ಟಿಲಿಗೇ ಕೈ ಹಾಕುತ್ತದೆ. ನಮ್ಮ ತೊಟ್ಟಿಲಲ್ಲಿ ಆರು ವಾರದ ಓಡೀಲ್ ಇದ್ದಳು.

ಬೇರೆ ವರ್ಷ ಒಂದೇ ಬಿರುಗಾಳಿಗೆ ದಡದಲ್ಲಿ ಸೊಂಟದೆತ್ತರ ಹುಲ್ಲು ಬೀಳುತ್ತಿತ್ತು. ಈ ಸಲ ಮೂರು ಬಿರುಗಾಳಿ ಬಂದು ಹೋದರೂ ಬೂಟಿಗೆ ಅಂಟುವಷ್ಟೂ ಇಲ್ಲ. ಕಡಲೊಳಗೆ ಹುಲ್ಲಿಗೇ ಕಾಯಿಲೆಯಂತೆ. ನಾನು ಕಡಲಿನ ಪ್ರತಿ ಇಳಿತಕ್ಕೂ ಓಡುತ್ತಿದ್ದೆ, ಬರಿಗೈಯಲ್ಲಿ ಮರಳುತ್ತಿದ್ದೆ, ಊಟಕ್ಕೆ ಕೂತವನು ಅರ್ಧಕ್ಕೇ ಎದ್ದು ಮತ್ತೆ ಓಡುತ್ತಿದ್ದೆ.

"ನೀನು ಓಡಾಡಿ ಓಡಾಡಿ ದಾರೀನೇ ಸವೆದೋಯ್ತು," ಎಂದಳು ಹೆಂಡತಿ ಯೂಲಲಿ. "ಪ್ಲಾಸಿದ್ ಮಾವನ್ನ ಕೇಳು."

ದಡದಲ್ಲಿ ಉಳಿದಿದ್ದುದು ಪಕ್ಕದ ಮನೆಯ ಪ್ಲಾಸಿದ್‌ನ ಮೆದೆಯೊಂದೇ, ಹೋದ ವರ್ಷದ್ದು. ಮೊಣಕಾಲು ನೋವೆಂದು ಅವನು ಸಾಗಿಸಿರಲಿಲ್ಲ. ಮೆದೆಯ ನೆತ್ತಿಯಲ್ಲಿ ಹುಲ್ಲು ಬಾಚುವ ಅವನ ಮರದ ಹಲುಬೆ, ಹಲ್ಲು ಮೇಲಾಗಿ. ಹುಲ್ಲಿಗೆ ಹಲ್ಲೇ ಕಾವಲು. ನೆಟ್ಟವನೇ ಅದನ್ನು ಕೀಳಬೇಕು, ಇದು ಈ ದಡದ ಕಟ್ಟಳೆ. ಅಲ್ಲಿಯವರೆಗೆ ಪಾದ್ರಿಯೂ ಒಂದೆಳೆ ಮುಟ್ಟುವುದಿಲ್ಲ. ತೊಡಕೆಂದರೆ, ನನ್ನ ಮದುವೆಯಲ್ಲಿ ನಾನು ಪ್ಲಾಸಿದ್ ಕುಂಟುವುದನ್ನೂ ಕೆಮ್ಮುವುದನ್ನೂ ಮಾಡಿ ತೋರಿಸಿ ಊರನ್ನೆಲ್ಲ ನಗಿಸಿದ್ದೆ. ಅದು ಕಿವಿಗೆ ಬಿದ್ದಂದಿನಿಂದ ಅವನು ನನ್ನೊಡನೆ ಮಾತು ಬಿಟ್ಟಿದ್ದ.

ನಾನು ಹೋದಾಗ ಅವನು ಆಲೂಗಡ್ಡೆ ತುರಿಯುತ್ತಿದ್ದ.

"ಯಾರದು, ಬಂದಿರೋದು ನಾನೇನಾ?" ಎಂದ.

"ಆನ್ಸೆಲ್ಮ್, ಮಾವ. ಹುಲ್ಲು ಬೇಕಿತ್ತು. ಮಗು..."

"ಮಾಡು."

"ಏನ್ ಮಾಡ್ಲಿ?"

"ನನ್ನನ್ನೇ ಮಾಡು. ಊರೆಲ್ಲ ನೋಡಿದೆ, ನಾನೊಬ್ಬ ನೋಡಿಲ್ಲ."

ಮಾಡಿದೆ. ಕಾಲೆಳೆದೆ, ಕೆಮ್ಮಿದೆ.

"ಕಾಲು ಸರಿಯಿದೆ. ಕೆಮ್ಮು ತಪ್ಪು. ಅದು ಹಿಂಗೆ," ಎಂದು ಶುರು ಮಾಡಿದವನಿಗೆ ನಿಲ್ಲಿಸಲಾಗಲಿಲ್ಲ. ಮೇಜು ಹಿಡಿದುಕೊಂಡು ಕೆಮ್ಮಿದ. ಅಷ್ಟರಲ್ಲಿ ನನ್ನ ಕಾಲಿಗೆ ನೆಲದ ಗಾಳಿ ತಾಗಿತು. ಅವನ ಮನೆಯ ಬುಡವೂ ಬತ್ತಲೆಯೇ.

"ನಿಮ್ಮನೆಗೇ ಹಾಕಿಲ್ವಲ್ಲ ಮಾವ."

"ಹೊರೋರು ಯಾರು? ಇರೋದು ಒಂದು ಮನೆಗಾಗತ್ತೆ, ಅಷ್ಟೇ. ಯಾರ ಮನೆಗೆ ಅಂತ ನೀನೇ ಹೇಳು."

ಬಾಗಿಲವರೆಗೆ ಹೋದೆ, ತಿರುಗಿ ಬಂದೆ.

"ಒಂದೇ ಮನೆ ಮಾಡ್ಕೊಳ್ಳೋಣ. ನಮ್ಮ ಒಲೆ ಪಕ್ಕ ನಿಮ್ಮ ಮಂಚಕ್ಕೆ ಜಾಗ ಇದೆ."

"ಯೂಲಲೀನ ಕೇಳ್ದ್ಯಾ?"

"ಇಲ್ಲ."

"ಯಜಮಾನನ ಪಾರ್ಟು ನಿಂಗೆ ಬರಲ್ಲ ಬಿಡು," ಎನ್ನುತ್ತ ಪ್ಲಾಸಿದ್ ಕೋಟು ಹುಡುಕಿದ.

ದಡಕ್ಕೆ ಕುಂಟುತ್ತ ಬಂದು ಎರಡೂ ಕೈಯಲ್ಲಿ ಹಲುಬೆ ಕಿತ್ತ. ನಾಲ್ಕು ಎತ್ತಿನಗಾಡಿ ಹುಲ್ಲಾಯಿತು. ಎರಡು ದಿನ ನಮ್ಮ ಮನೆಯ ಸುತ್ತ ಒಟ್ಟಿ, ತುಳಿದು, ಹಲಗೆ ಬಿಗಿದೆವು. ಯೂಲಲಿ ತೊಟ್ಟಿಲ ಕೆಳಗೆ ಅಂಗೈ ಒತ್ತಿ ನೋಡಿ, ಪ್ಲಾಸಿದ್‌ನ ಹಾಸಿಗೆ ಹಾಸಿದಳು.

ಮರುದಿನದ ಇಳಿತಕ್ಕೆ ನಾನು ಮತ್ತೆ ಬೂಟು ಹಾಕಿದೆ.

"ಈಗೆಲ್ಲಿಗೆ?" ಎಂದಳು.

"ಬರೋ ವರ್ಷಕ್ಕೆ ಏನಾದ್ರೂ ಬಿದ್ದಿದ್ಯಾ ನೋಡ್ಬರ್ತೀನಿ."

ದಡ ಗುಡಿಸಿಟ್ಟ ಹಾಗಿತ್ತು. ನೀರು ಏರುವವರೆಗೂ ಅತ್ತಿಂದಿತ್ತ ನಡೆದೆ.