ಮಾವನ ಹೆಸರಿಗೆ ಜಾಗವಿಲ್ಲ

ಅಕ್ಷರವಿರುವ ಯಾವ ಕಾಗದ ಕೈಗೆ ಬಂದರೂ ಅವಳ ಗಂಡ ಮೊದಲು ಅದನ್ನು ತಲೆಕೆಳಗು ಮಾಡುತ್ತಿದ್ದ. ಕಣ್ಣು ಅರ್ಧ ಮುಚ್ಚಿ, ಕುತ್ತಿಗೆ ಹಿಂದಕ್ಕೆಳೆದುಕೊಂಡು ತುಸು ಹೊತ್ತು ನೋಡಿ, "ಎಡಗಡೆ ಭಾರ" ಅಂತಲೋ, "ಉಸಿರಾಡೋಕೆ ಜಾಗ ಇಲ್ಲ" ಅಂತಲೋ ಅಪ್ಪಣೆ ಕೊಡಿಸುತ್ತಿದ್ದ. ಓದಿಬಿಟ್ಟರೆ ಆಕಾರ ಕಾಣುವುದಿಲ್ಲ ಎಂಬುದು ಅವನ ಸಿದ್ಧಾಂತ. ತಮ್ಮ ಮದುವೆಯ ಕರೆಯೋಲೆಯನ್ನೂ ಹಾಗೇ ನೋಡಿ ಅಚ್ಚಿಗೆ ಕಳಿಸಿದ್ದ. ಅದರಲ್ಲಿ ತಾರೀಕು ತಪ್ಪಾಗಿದ್ದ ಸಂಗತಿ, ಮದುವೆಯ ಮರುವಾರ ಹೊಸ ಬಟ್ಟೆ ತೊಟ್ಟು ಬಂದು ಬೀಗ ಹಾಕಿದ ಬಾಗಿಲು ನೋಡಿದ ನೆಂಟರಿಂದ ಗೊತ್ತಾಯಿತು.

ಇಂಥವನನ್ನು ವಿನ್ಯಾಸದ ಲೋಕ 'ಮೇಷ್ಟ್ರು' ಎಂದು ತಲೆಯ ಮೇಲೆ ಹೊತ್ತು ಕುಣಿಯುತ್ತಿತ್ತು. ಪೋಸ್ಟರು, ಲೋಗೋ, ಪುಸ್ತಕದ ಮುಖಪುಟ, ಯಾವುದರ ಮಾತು ಬಂದರೂ ಅವನ ಹೆಸರು ಬರಲೇಬೇಕು. ಅವನ ಶೈಲಿಗೆ ಯುಗಗಳಿದ್ದವು, ರಾಜವಂಶಗಳಿಗಿರುವ ಹಾಗೆ. ಮೊದಲನೆಯದರಲ್ಲಿ ಸೂಜಿ ಊರಲೂ ಜಾಗ ಬಿಡದೆ ಬಣ್ಣ, ಚಿತ್ರ, ಅಕ್ಷರ ತುರುಕುತ್ತಿದ್ದ. ಆಮೇಲೊಮ್ಮೆ ಫೋಟೋ ತೆಗೆಯುವವನು ಹೇಳಿದ ಹೊತ್ತಿಗೆ ಫೋಟೋ ಕೊಡದೆ ಕೈಕೊಟ್ಟ. ಪೋಸ್ಟರು ನಡುವೆ ಬಟ್ಟಬಯಲಾಗಿಯೇ ಅಚ್ಚಾಯಿತು. ಯಾರೋ ವಿಮರ್ಶಕರು ಅದರಲ್ಲಿ ಮೌನವಿದೆ ಎಂದು ಬರೆದರು. ತಾನು ಮೌನದವನೆಂದು ಅವನಿಗೂ ಮಾರನೆಯ ದಿನವೇ ತಿಳಿಯಿತು. ಅಲ್ಲಿಂದ ಪೋಸ್ಟರಷ್ಟೇ ಅಲ್ಲ, ಮನೆಯೂ ಖಾಲಿಯಾಯಿತು. ಪಡಸಾಲೆಯ ಕುರ್ಚಿಗಳನ್ನು ಯಾರಿಗೋ ದಾಟಿಸಿದ. ಬಂದ ನೆಂಟರು ಗೋಡೆಗೊರಗಿ ನಿಂತು, ಮೌನವನ್ನು ಅನುಭವಿಸಿ, ಕಾಲು ನೋವೆಂದು ಹೊರಟುಹೋಗುತ್ತಿದ್ದರು.

"ನಿಮ್ಮ ಖಾಲಿರಾಯರು ಎದ್ರಾ?" ಎಂದು ಅವಳ ಅಪ್ಪ ದಿನಾ ಬೆಳಿಗ್ಗೆ ಕೇಳುತ್ತಿದ್ದ.

ಅಪ್ಪ ಬೋರ್ಡು ಬರೆಯುವವನಾಗಿದ್ದ. ಅಂಗಡಿ, ಶಾಲೆ, ಲಾರಿ, ಯಾವುದಾದರೂ ಸರಿ. ದಾರ ಹಿಡಿದು ಎಳೆದಂಥ ಗೆರೆ ಅವನದು. ಆ ಕಸುಬಿನವರು ಬೋರ್ಡಿನ ಕೆಳಮೂಲೆಯಲ್ಲಿ ತಮ್ಮ ಹೆಸರನ್ನು ಸಣ್ಣಗೆ ಬರೆದೇ ಏಣಿ ಇಳಿಯುವುದು. ಆಮೇಲೆ ಅವನ ಬಲಗೈ ನಡುಗತೊಡಗಿತು. ಏಣಿ, ಡಬ್ಬ, ಬ್ರಷ್ಷುಗಳ ಸಮೇತ ಮಗಳ ಮನೆಯ ಹಿಂದಿನ ಕೋಣೆಗೆ ಬಂದ. ಸುಮ್ಮನಿರುವ ಜೀವವಲ್ಲ. ದಿನಾ ರಟ್ಟಿನ ಚೂರಿನ ಮೇಲೆ ಅಕ್ಷರ ಬರೆಯುವುದು, ಸೊಟ್ಟಗಾದದ್ದಕ್ಕೆ ತನ್ನ ಕೈಯನ್ನೇ ಬೈಯುವುದು, ರಟ್ಟನ್ನು ಬುಟ್ಟಿಗೆ ಎಸೆಯುವುದು.

ಆ ಬುಟ್ಟಿ ಒಂದು ದಿನ ಅಳಿಯನ ಕಣ್ಣಿಗೆ ಬಿತ್ತು. ಒಂದು ರಟ್ಟನ್ನು ಎತ್ತಿ ತಲೆಕೆಳಗು ಮಾಡಿ ನೋಡಿದ. "ಓಹ್" ಅಂದ. ಬುಟ್ಟಿಯನ್ನೇ ಸ್ಟುಡಿಯೋಗೆ ಹೊತ್ತುಕೊಂಡು ಹೋದ.

ಮೂರನೆಯ ಯುಗ ಶುರುವಾದದ್ದು ಹೀಗೆ. 'ನಡುಗುವ ಅಕ್ಷರ' ಎಂದು ಅದಕ್ಕೆ ನಾಮಕರಣವಾಯಿತು. ವಿಶಾಲವಾದ ಬಿಳಿ ಹಾಳೆ, ಅದರ ಒಂದು ಮೂಲೆಯಲ್ಲಿ ಅಪ್ಪನ ಒಂದು ಸೊಟ್ಟ ಅಕ್ಷರ. ಬಹುಮಾನದ ಮೇಲೆ ಬಹುಮಾನ. ಶಿಷ್ಯರು ಎಡಗೈಯಲ್ಲಿ ಬರೆದು ನೋಡಿದರು, ಕಾಫಿಯ ಮೇಲೆ ಕಾಫಿ ಕುಡಿದು ನೋಡಿದರು. ಒಬ್ಬ ಪುಣ್ಯಾತ್ಮ ಬಟ್ಟೆ ಒಗೆಯುತ್ತಿರುವ ಮೆಷಿನ್ನಿನ ಮೇಲೆ ಕೂತು ಬರೆದನಂತೆ. ಮೇಷ್ಟ್ರು ಮಾತ್ರ ವೇದಿಕೆಯ ಮೇಲೆ ಕಣ್ಣು ಮುಚ್ಚಿ, "ಈ ನಡುಕ ನಮ್ಮ ಕಾಲದ ಆತಂಕ" ಎನ್ನುತ್ತಿದ್ದ. ನಮ್ಮ ಕಾಲದ ಆತಂಕ ಆ ಹೊತ್ತಿಗೆ ಹಿಂದಿನ ಕೋಣೆಯಲ್ಲಿ ಮಾತ್ರೆ ನುಂಗಿ ಮಲಗಿರುತ್ತಿತ್ತು.

"ನಾನು ನೆಟ್ಟಗೆ ಬರೆದದ್ದನ್ನೆಲ್ಲ ಬಿಸಿಲು ತಿಂತು" ಎಂದಿದ್ದ ಅಪ್ಪ. "ಕೆಟ್ಟದ್ದನ್ನ ನಿನ್ನ ಗಂಡ ಮೆರವಣಿಗೆ ಮಾಡ್ತಿದಾನೆ. ಮಾಡ್ಲಿ ಬಿಡು. ಆದ್ರೆ ಕೈ ಯಾರ್ದು ಅಂತ ಹೇಳ್ಬೇಕಲ್ವೇನೇ? ಹೆಸರು ಹಾಕದೆ ಏಣಿ ಇಳಿದೋನಲ್ಲ ನಾನು."

ಮೇಷ್ಟರ ಜೀವಮಾನದ ಕೆಲಸವನ್ನೆಲ್ಲ ಸೇರಿಸಿ ದೊಡ್ಡದೊಂದು ಪುಸ್ತಕ ಬರುವುದೆಂದು ಗೊತ್ತಾದಾಗ ಅವಳು ಗಂಡನ ಮುಂದೆ ನಿಂತಳು. "ರೀ, ಅಪ್ಪನ ಹೆಸರು ಹಾಕಿ. ಒಂದು ಸಾಲು ಸಾಕು."

ಅವನು ಮುಖಪುಟದ ಒಳಗಿನ ಜೋಡಿ ಹಾಳೆಗಳನ್ನು ಮೇಜಿನ ಮೇಲೆ ಹರಡಿದ. ಎರಡೂ ಪೂರಾ ಬಿಳಿ. ಒಂದು ಮಗುವನ್ನು ಮಲಗಿಸಬಹುದು, ಅಷ್ಟು ಅಗಲ. ಬಹಳ ಹೊತ್ತು ಅದನ್ನೇ ನೋಡಿ, ನಿಜವಾಗಿಯೂ ನೊಂದವನಂತೆ ಹೇಳಿದ: "ಮಾವನ ಹೆಸರಿಗೆ ಜಾಗ ಎಲ್ಲಿದೆ, ನೀನೇ ಹೇಳು."

ಅವಳಿಗೆ ನಗು ಬಂತು. ನಗು ಮುಗಿಯುವ ಮೊದಲೇ ಹೊಟ್ಟೆ ಉರಿಯಿತು. ಹಿಂದಿನ ಕೋಣೆಗೆ ಹೋಗಿ, "ಹಾಕ್ತಾರಂತೆ ಅಪ್ಪಾ" ಎಂದು ಸುಳ್ಳು ಹೇಳಿದಳು. ಆ ಸುಳ್ಳನ್ನು ನಿಜ ಮಾಡುವ ಹೊಣೆ ಅವಳ ಕೊರಳಿಗೆ ಬಿತ್ತು.

ದಾರಿಯೂ ತಾನಾಗಿ ಬಂತು. ಮುನ್ನುಡಿ ಬರೆಯಬೇಕಿದ್ದ ಪ್ರೊಫೆಸರು ಕೊನೆಗಳಿಗೆಯಲ್ಲಿ ತಪ್ಪಿಸಿಕೊಂಡರು. ಅಚ್ಚಿನವರು ಬಾಗಿಲಲ್ಲಿ ನಿಂತಿದ್ದಾರೆ. ಕರಡು ತಿದ್ದುವುದು ಮೊದಲಿಂದಲೂ ಅವಳ ಕೆಲಸ. "ನೀನೇ ಏನಾದ್ರೂ ತುಂಬು" ಎಂದ ಗಂಡ. "ದೂರದಿಂದ ನೋಡಿದ್ರೆ ಹದವಾದ ಬೂದುಬಣ್ಣ ಕಾಣಬೇಕು, ಅಷ್ಟೇ. ಓದೋರು ಯಾರು?"

ಅವಳು ತುಂಬಿದಳು. ಬುಟ್ಟಿ, ರಟ್ಟು, ಮಾತ್ರೆ ಒಂದನ್ನೂ ಬಿಡಲಿಲ್ಲ. ಫೋಟೋ ಕೊಡದವನಿಂದ ಹುಟ್ಟಿದ ಮೌನವನ್ನೂ ಬಿಡಲಿಲ್ಲ. 'ಈ ನಡುಕ ಯಾವ ಕಾಲದ ಆತಂಕವೂ ಅಲ್ಲ, ಒಬ್ಬ ಮನುಷ್ಯನ ಬಲಗೈ. ಆ ಕೈ ಯಾರದೆಂದರೆ' ಎಂದು ಬರೆದು, ಅಪ್ಪನ ಹೆಸರಿನಿಂದ ಮುಗಿಸಿದಳು. ಗಂಡ ಹಾಳೆಗಳನ್ನು ಇಸಿದುಕೊಂಡ, ತಲೆಕೆಳಗು ಮಾಡಿದ, ಕಣ್ಣು ಕಿರಿದು ಮಾಡಿದ. "ಹದವಾಗಿದೆ" ಎಂದು ಕೊಂಡೊಯ್ದ.

ಬಿಡುಗಡೆಯ ದಿನ ಬೆಳಿಗ್ಗೆ ಪುಸ್ತಕಗಳು ಮನೆಗೆ ಬಂದವು. ಸಂಜೆ ವೇದಿಕೆಯ ಮೇಲೆ ಬಿಚ್ಚಬೇಕಾದ ಪ್ರತಿಗೆ ಬೇರೆಯದೇ ಪೆಟ್ಟಿಗೆ. ಅಪ್ಪ ಕ್ಷೌರ ಮಾಡಿಕೊಂಡು, ಇಸ್ತ್ರಿಯ ಅಂಗಿ ಹಾಕಿಕೊಂಡು ಮಂಚದ ಮೇಲೆ ಕೂತಿದ್ದ. "ಎಲ್ಲಿ, ತೋರ್ಸು."

ಮುನ್ನುಡಿಯ ಅಕ್ಷರಗಳು ಇರುವೆಯ ಗಾತ್ರಕ್ಕಿದ್ದವು, ಬಣ್ಣ ನೀರು ಹೆಚ್ಚಾದ ಹಾಲಿನದು. ಅಪ್ಪನ ಕಣ್ಣಿಗೆ ಅದು ದಕ್ಕುವಂತಿರಲಿಲ್ಲ. ಅವಳೇ ಭೂತಗನ್ನಡಿ ಹಿಡಿದು ಓದತೊಡಗಿದಳು. ಅಳಿಯನ ಮೌನದ ಕಥೆಗೆ ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ತನ್ನ ಬುಟ್ಟಿಯ ಕಥೆ ಬಂದಾಗ ಗಂಟಲು ಸರಿಮಾಡಿಕೊಂಡು ನೆಟ್ಟಗೆ ಕೂತ. "ಆ ಕೈ ಯಾರದೆಂದರೆ" ಎಂದು ಓದಿ ಅವಳು ಪುಟ ತಿರುವಿದಳು. ಅಲ್ಲಿ ಏನೂ ಇರಲಿಲ್ಲ. ಬಿಳಿ.

ಗಂಡನಿಗೆ ಫೋನು ಮಾಡಿದಳು. "ಮುನ್ನುಡಿಯ ಕೊನೇ ಸಾಲು ಎಲ್ಲಿ?"

"ಯಾವ್ದು? ಓ, ಅದಾ. ಹೊಸ ಪುಟದಲ್ಲಿ ಒಂದೇ ಒಂದು ಪದ ಒಂಟಿಯಾಗಿ ನೇತಾಡ್ತಿತ್ತು. ಅಸಹ್ಯ. ತೆಗೆದುಹಾಕಿದೆ."

"ಏನು ಪದ ಅಂತ ನೋಡಿದ್ರಾ?"

"ಪದಾನ ಯಾರಾದ್ರೂ ನೋಡ್ತಾರಾ?" ಅವನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. ಬೇಕೆಂದೇ ಮಾಡಿದ್ದರೆ ಬೈಯಬಹುದಿತ್ತು. ಈ ಮಹಾಶಯ ಮಾವನ ಹೆಸರನ್ನು ಕೊಂದದ್ದು ಅಂದಚೆಂದಕ್ಕಾಗಿ.

ಅವಳು ತಿರುಗಿದಾಗ ಅಪ್ಪ ಅಂಗಿಯ ಮೇಲಿನ ಗುಂಡಿ ಬಿಚ್ಚುತ್ತಿದ್ದ. "ನಾನು ಬರೋಲ್ಲ ಕಣಮ್ಮ. ನೀನು ಹೋಗಿ ಬಾ" ಅಂದ. ಅವನ ಮುಖ ನೋಡಲಾಗಲಿಲ್ಲ ಅವಳಿಗೆ. ಪೆಟ್ಟಿಗೆಯ ಪ್ರತಿಯನ್ನು ತೆಗೆದು, ಮುಖಪುಟದ ಒಳಗಿನ ಆ ಜೋಡಿ ಬಿಳಿ ಹಾಳೆಗಳು ಕಾಣುವಂತೆ ತೆರೆದು ಮಂಚದ ಮೇಲಿಟ್ಟಳು. ಕಪಾಟಿನಿಂದ ಕಪ್ಪು ಬಣ್ಣದ ಡಬ್ಬವನ್ನೂ ಅಗಲದ ಬ್ರಷ್ಷನ್ನೂ ತಂದಳು.

"ಅಪ್ಪಾ, ಜಾಗ ಬೇಕಾದಷ್ಟಿದೆ. ಬರಿ."

"ಮೂಲೇಲಾ?"

"ಮೂಲೆಯಲ್ಲಿ ಯಾಕೆ? ನಡುಮಧ್ಯೆ ಬರಿ. ಈ ತುದಿಯಿಂದ ಆ ತುದಿಗೆ."

ಅಪ್ಪ ಬರೆದ. ಕೈ ತನ್ನ ಪಾಡಿಗೆ ಕುಣಿಯಿತು. ಅವನು ಈ ಬಾರಿ ಅದನ್ನು ಬೈಯಲಿಲ್ಲ. ಅವಳು ಹಾಳೆಗಳನ್ನು ಫ್ಯಾನಿನ ಕೆಳಗೆ ಮಧ್ಯಾಹ್ನದವರೆಗೆ ಒಣಗಿಸಿ, ಪುಸ್ತಕವನ್ನು ಮತ್ತೆ ಪೆಟ್ಟಿಗೆಗೆ ಸೇರಿಸಿದಳು. ಅಪ್ಪನ ಅಂಗಿಯ ಗುಂಡಿಯನ್ನು ತಾನೇ ಹಾಕಿದಳು.

ಸಂಜೆ ಸಭಾಂಗಣ ತುಂಬಿತ್ತು. ಮುನ್ನುಡಿಯ 'ಬೂದುಬಣ್ಣದ ಸಂಯಮ'ವನ್ನು ಮುಖ್ಯ ಅತಿಥಿಗಳು ಬಾಯ್ತುಂಬ ಹೊಗಳಿದರು. ಒಂದು ಸಾಲೂ ಓದಿರಲಿಲ್ಲವೆಂಬುದು ಅವರ ಸಂತೋಷದಿಂದಲೇ ತಿಳಿಯುತ್ತಿತ್ತು. ಆಮೇಲೆ ಮೇಷ್ಟ್ರು ಎದ್ದ. "ನನ್ನ ಬದುಕಿನ ಅತ್ಯಂತ ಮೌನವಾದ ಪುಟವನ್ನು ನಿಮಗೆ ತೋರಿಸ್ತೀನಿ" ಎಂದು ಪುಸ್ತಕ ಬಿಡಿಸಿ ಸಭೆಗೆ ಎತ್ತಿ ಹಿಡಿದ.

ಎರಡು ಪುಟಗಳ ಉದ್ದಕ್ಕೂ ಅಪ್ಪನ ಹೆಸರು ಕಪ್ಪಗೆ ನಿಂತಿತ್ತು. ಸಭೆ ಒಮ್ಮೆ ಉಸಿರೆಳೆದುಕೊಂಡಿತು, ಆಮೇಲೆ ಚಪ್ಪಾಳೆ ಗಡಚಿಕ್ಕಿತು. ಓದಿದವರು ಯಾರೂ ಇಲ್ಲ. ಕೂತವರೆಲ್ಲ ಅವನ ಶಿಷ್ಯರೇ ತಾನೆ.

ಚಪ್ಪಾಳೆ ಯಾಕೆಂದು ಅವನಿಗೂ ಹೊಳೆಯಲಿಲ್ಲ. ಪುಸ್ತಕವನ್ನು ತನ್ನ ಕಡೆಗೆ ತಿರುಗಿಸಿಕೊಂಡ. ತಬ್ಬಿಬ್ಬಾದ. ಆದರೆ ಚಪ್ಪಾಳೆ ಇನ್ನೂ ನಿಂತಿರಲಿಲ್ಲ, ಬಂದ ಚಪ್ಪಾಳೆಯನ್ನು ಬಿಟ್ಟುಕೊಟ್ಟ ಅಭ್ಯಾಸವೂ ಅವನಿಗಿರಲಿಲ್ಲ. ರೂಢಿಯಂತೆ ತಲೆಕೆಳಗು ಮಾಡಿ, ಕಣ್ಣು ಅರ್ಧ ಮುಚ್ಚಿದ. "ಹೌದು... ಈ ಭಾರ, ಈ ಬಿರುಕು... ಇದು ನನ್ನ ನಾಲ್ಕನೆಯ ಯುಗ ಅಂತ ನೀವು ಕರೀಬಹುದು."

ಅವಳು ಮೆಟ್ಟಿಲು ಹತ್ತಿ ವೇದಿಕೆಗೆ ಬಂದಳು. ಅವನ ಕೈಯಲ್ಲಿದ್ದ ಪುಸ್ತಕವನ್ನು ಹಿಡಿದು ನೆಟ್ಟಗೆ ಮಾಡಿದಳು. ಮೈಕನ್ನು ಅವನ ಬಾಯಿಗೆ ಹತ್ತಿರ ಸರಿಸಿದಳು.

"ಈಗ ಓದಿ."

"ಏನನ್ನ?"

"ನಿಮ್ಮ ಯುಗಾನ. ಅಲ್ಲೇ ಬರೆದಿದೆಯಲ್ಲ, ಜೋರಾಗಿ ಓದಿ."

ಮದುವೆಯಾದಂದಿನಿಂದ ಮೊದಲ ಸಲ ಅವಳ ಗಂಡ ಒಂದು ಪದವನ್ನು ಓದಿದ. ಮೊದಲು ಮನಸ್ಸಿನಲ್ಲಿ, ಅವನ ಕಿವಿ ಕೆಂಪಗಾದದ್ದು ಅವಳಿಗೆ ಕಂಡಿತು. ಅತಿಥಿಗಳು ಕಾಯುತ್ತಿದ್ದರು, ಶಿಷ್ಯರು ಫೋನು ಎತ್ತಿ ಹಿಡಿದಿದ್ದರು. ಕೊನೆಗೆ ಅವನು ಮಾವನ ಹೆಸರನ್ನು ತುಟಿಯಂಚಿನಲ್ಲಿ ಹೇಳಿದ. ಪುಸ್ತಕ ಹಿಡಿದ ಅವನ ಕೈ ನಡುಗುತ್ತಿತ್ತು.

ಮೊದಲನೆಯ ಸಾಲಿನಲ್ಲಿ ಕೂತಿದ್ದ ಅಪ್ಪ ಕಿವಿಗೆ ಅಂಗೈ ಅಡ್ಡ ಹಿಡಿದ.

"ಕೇಳಿಸ್ಲಿಲ್ಲ ಅಳಿಯಂದ್ರೇ" ಎಂದ. "ಇನ್ನೊಂದ್ಸಲ ಓದಿ."